ಹೆಲೆನ್ ಮನೆಯಲ್ಲಿ ಪಟ್ಟಾಭಿಷೇಕ

ಅಮೆರಿಕದ ಮಾರಿಸ್‌ಟೌನ್‌ನಲ್ಲಿ ಇನ್ನೂ ಬೆಳಗಿನ ಎಂಟಾಗಿಲ್ಲ. ಲಂಡನ್ನಿನಲ್ಲಿ ನಡೆಯುತ್ತಿದ್ದ ಬ್ರಿಟನ್ನಿನ ಹೊಸ ರಾಜನ ಪಟ್ಟಾಭಿಷೇಕವನ್ನು ಟಿವಿಯಲ್ಲಿ ನೋಡಲು, ಪಕ್ಕದ ಮನೆಯ ಇಂಗ್ಲಿಷ್ ಅಜ್ಜಿ ಹೆಲೆನ್ ಬೀದಿಯವರನ್ನೆಲ್ಲ ಕರೆದಿದ್ದರು. ನಾನು ಉಳಿದುಕೊಂಡಿದ್ದ ಮನೆಯ ಲಲಿತಾ ಚಿಕ್ಕಮ್ಮ ಒಂದು ಡಬ್ಬಿ ಕೋಡುಬಳೆ ಹಿಡಿದು ಬಂದಿದ್ದರು. ಎಪ್ಪತ್ತು ದಾಟಿದ ಬೆಂಗಳೂರಿನ ಹೆಂಗಸು.

ಟಿವಿಯಲ್ಲಿ ಬ್ರಿಟಿಷರ ರಾಷ್ಟ್ರಗೀತೆ ಶುರುವಾಯಿತು. ಹೆಲೆನ್ ಎದ್ದು ನಿಂತರು. ಅವರ ಹಿಂದೆಯೇ ಅಮೆರಿಕನ್ನರೆಲ್ಲ ತಿನ್ನುತ್ತಿದ್ದ ಕೇಕನ್ನು ಕೈಯಲ್ಲೇ ಹಿಡಿದುಕೊಂಡು ಎದ್ದರು. ಇದೇ ರಾಜಮನೆತನವನ್ನು ಓಡಿಸಿದ ದೇಶದವರು ಏಳುತ್ತಾರೆಂದು ನಾನು ಎಣಿಸಿರಲಿಲ್ಲ. ನಾನೂ ಎದ್ದೆ. ಚಿಕ್ಕಮ್ಮ ಮಾತ್ರ ಕದಲಲಿಲ್ಲ.

“ಚಿಕ್ಕಮ್ಮ, ಏಳಿ,” ಎಂದು ಪಿಸುಗುಟ್ಟಿದೆ.

“ಇವನ ಅಮ್ಮ, ಆ ರಾಣಿ, ಬೆಂಗಳೂರಿಗೆ ಬಂದಾಗ ಸ್ಕೂಲಿನವರು ಕೈಗೊಂದು ಬಾವುಟ ಕೊಟ್ಟು ನಮ್ಮನ್ನ ಬಿಸಿಲಲ್ಲಿ ನಿಲ್ಸಿದ್ರು ಕಣೋ. ಕಾರು ಹೋಗಿದ್ದೂ ಕಾಣಲಿಲ್ಲ. ಅವತ್ತು ನಿಂತಿದ್ದು ಈ ಜನ್ಮಕ್ಕೆ ಸಾಕು.”

ಹೆಲೆನ್ ತಿರುಗಿ ನೋಡಿ, ಮಂಡಿ ನೋವೇ ಎಂದು ಮೆಲ್ಲಗೆ ಇಂಗ್ಲಿಷಿನಲ್ಲಿ ಕೇಳಿದರು.

“ನೋ, ನೋ. ಮೈ ನೀಸ್ ಆರ್ ಫೈನ್,” ಎಂದರು ಚಿಕ್ಕಮ್ಮ, ಕೂತಲ್ಲೇ ಬೆನ್ನು ನೆಟ್ಟಗೆ ಮಾಡಿಕೊಂಡು.

ಗೀತೆ ಮುಗಿಯಿತು, ಎಲ್ಲರೂ ಕೂತರು. ಆಗ ಚಿಕ್ಕಮ್ಮ ಸರಕ್ಕನೆ ಎದ್ದು, ಡಬ್ಬಿ ತೆರೆದು, ಮೊದಲ ಕೋಡುಬಳೆಯನ್ನು ಹೆಲೆನ್ ತಟ್ಟೆಗೆ ಹಾಕಿದರು.