ಎರಡೂ ಕಿವಿ ಮುಚ್ಚಿದ ಮಧ್ಯಾಹ್ನ

ದೆವ್ವ, ಗಾಳಿ ಎಂದು ಯಾರಾದರೂ ಶುರುಮಾಡಿದರೆ ಎದ್ದು ಹೋಗುತ್ತಿದ್ದವನು ನಾನು. ಬನಹಟ್ಟಿಯಲ್ಲಿ ಡಿಜೆ ಸೌಂಡ್ ಇಟ್ಟುಕೊಂಡು ಹೊಟ್ಟೆ ಹೊರೆಯುವವನಿಗೆ, ಸದ್ದು ಬಂತೆಂದರೆ ಅದಕ್ಕೊಂದು ವಯರ್ ಇರಲೇಬೇಕು. ವಯರ್ ಇಲ್ಲದಿದ್ದರೆ ಬ್ಲೂಟೂತ್ ಇರಬೇಕು. ಈಗ ಹೇಳುವ ಸಂಗತಿ ಈ ಎರಡಕ್ಕೂ ಸೇರಿದ್ದಲ್ಲ. ನಗುವುದಾದರೆ ನಕ್ಕುಬಿಡಿ, ಎರಡು ವರ್ಷದ ಹಿಂದೆ ನಾನೂ ನಗುತ್ತಿದ್ದೆ.

ಕಿವಿ ಪೂರ್ತಿ ಮುಚ್ಚುವ ಅಗ್ಗದ ವೈರ್‌ಲೆಸ್ ಹೆಡ್‌ಫೋನ್‌ಗಳಲ್ಲಿ ಯಾವುದು ಒಳ್ಳೆಯದೆಂದು ಮುಧೋಳ, ಬೀಳಗಿಯ ಡಿಜೆ ಗೆಳೆಯರು ನನ್ನನ್ನೇ ಕೇಳುತ್ತಾರೆ. ಕಾರಣ ನನ್ನ ಪರೀಕ್ಷೆಯ ಜಾಗ. ಮನೆಯ ಹಿಂದೆಯೇ ನಮ್ಮ ಪವರ್‌ಲೂಮ್ ಮಗ್ಗಗಳ ಶೆಡ್ ಇದೆ. ಆ ಗದ್ದಲದಲ್ಲೂ ಬಾಸ್ ತಾಕಿದರೆ ಮದುವೆ ಮೆರವಣಿಗೆಯಲ್ಲೂ ತಾಕುತ್ತದೆ. ಅಲ್ಲಿ ಬಾಯಿಂದ ಕೂಗಿದರೆ ಪಕ್ಕದವರಿಗೂ ಕೇಳುವುದಿಲ್ಲ. ಯಾರನ್ನಾದರೂ ಕರೆಯಬೇಕಾದರೆ ನೂಲು ಹೊತ್ತು ಓಡಾಡುವ ಲಾಳಿಯಿಂದ ಮಗ್ಗದ ಕಬ್ಬಿಣಕ್ಕೆ ಬಡಿಯುತ್ತೇವೆ. ಒಬ್ಬೊಬ್ಬರ ಬಡಿತ ಒಂದೊಂದು. ಅಪ್ಪನದು ಎರಡು ಬೇಗ, ತಡೆದು ಒಂದು. ನಾನು ಹೇಳುತ್ತಿರುವ ದಿನಕ್ಕೆ ಅಪ್ಪ ತೀರಿಕೊಂಡು ನಾಲ್ಕು ವರ್ಷವಾಗಿತ್ತು.

ಅಂದು ಜಮಖಂಡಿಯ ಅಂಗಡಿಯಿಂದ ಮೂರು ಹೆಡ್‌ಫೋನ್ ತಂದಿದ್ದೆ. ಮೊದಲನೆಯದರಲ್ಲಿ ಬಾಸ್ ಹಾಡುವವನ ದನಿಯನ್ನೇ ನುಂಗಿತು. ಎರಡನೆಯದು ಅರ್ಧ ಗಂಟೆಯಲ್ಲಿ ಕಿವಿ ಹಿಂಡಿತು. ಮೂರನೆಯದು ಸರಿಯಾಗಿತ್ತು: ಬಾಸ್ ಗಟ್ಟಿ, ಮೆತ್ತೆ ಮೃದು, ಮಗ್ಗದ ಸದ್ದು ಎಲ್ಲೋ ದೂರ ಹೋಯಿತು. ನಾವು ಡಿಜೆಯವರು ಕೆಲಸದಲ್ಲಿ ಒಂದು ಕಿವಿ ತೆರೆದಿಡುತ್ತೇವೆ. ಅಂದು ಖುಷಿಯಲ್ಲಿ ಎರಡೂ ಮುಚ್ಚಿಕೊಂಡು ಬಾಗಿಲ ಕಡೆ ಮುಖ ಮಾಡಿ ಕೂತೆ. ಉಳಿದವರು ಊಟಕ್ಕೆ ಹೋಗಿದ್ದರು. ನನ್ನ ಬೆನ್ನ ಹಿಂದೆ ವೈನಿ, ಅಂದರೆ ಅಣ್ಣನ ಹೆಂಡತಿ, ಒಬ್ಬರೇ ಮಗ್ಗ ನೋಡಿಕೊಳ್ಳುತ್ತಿದ್ದರು.

ಹಾಡಿನ ನಡುವೆ ಬಂತು. ಎರಡು ಬೇಗ, ತಡೆದು ಒಂದು. ಹಾಡಿನಲ್ಲೇ ಇರಬೇಕೆಂದು ಹಾಡನ್ನು ಹಿಂದಕ್ಕೆ ಓಡಿಸಿ ಕೇಳಿದೆ, ಇರಲಿಲ್ಲ. ಹೆಡ್‌ಫೋನ್ ತೆಗೆದೆ. ಮಗ್ಗದ ಸದ್ದು ಬಿಟ್ಟರೆ ಏನೂ ಇಲ್ಲ. ಮತ್ತೆ ಹಾಕಿಕೊಂಡು ಹಾಡು ನಿಲ್ಲಿಸಿದೆ. ಹಾಡಿಲ್ಲದ ಹೆಡ್‌ಫೋನಿನಲ್ಲಿ ಅದೇ ಬಡಿತ, ಈ ಸಲ ಜೋರಾಗಿ, ಅಪ್ಪ ಸಿಟ್ಟಿಗೆದ್ದಾಗ ಬಡಿಯುತ್ತಿದ್ದ ಹಾಗೆ. ನನಗೆ ಬಹಳ ಹೆದರಿಕೆಯಾಯಿತು. ಆದರೆ ಆ ಬಡಿತಕ್ಕೆ ತಿರುಗದಿದ್ದರೆ ಬೈಗುಳ ಖಾತ್ರಿ ಎಂದು ಚಿಕ್ಕಂದಿನಿಂದ ಕಲಿತ ಮೈ ತಾನಾಗಿ ತಿರುಗಿತು.

ವೈನಿಯ ಸೆರಗು ಆಗತಾನೇ ಮೋಟರಿನ ಬೆಲ್ಟಿಗೆ ಸಿಕ್ಕಿತ್ತು. ಕುತ್ತಿಗೆ ಬಿಗಿಯುತ್ತಿತ್ತು. ಓಡಿ ಮೇನ್ ಸ್ವಿಚ್ ಇಳಿಸಿದೆ. ಎಲ್ಲ ಮಗ್ಗಗಳೂ ಒಮ್ಮೆಗೇ ನಿಂತವು. ವೈನಿ ನೆಲದ ಮೇಲೆ ಕೂತು ಕೆಮ್ಮಿದರು.

“ನೀವು ಬಡದದ್ದ ಛಲೋ ಆತ್ರಿ ವೈನಿ,” ಎಂದೆ. ಅಪ್ಪನ ಹಾಗೆ ಬಡಿದವರು ಅವರೇ ಇರಬೇಕೆಂದುಕೊಂಡಿದ್ದೆ.

“ನಾ ಎಲ್ಲಿ ಬಡದ್ನೋ ತಮ್ಮಾ? ಸಿಕ್ಕಿದ್ದ ಈಗ. ಎರಡೂ ಕೈ ಸೆರಗಿನ ಮ್ಯಾಲ ಇದ್ವು. ಲಾಳಿ ಮಗ್ಗದಾಗ ಐತಿ, ನೋಡು.”

ನೋಡಿದೆ. ಅಲ್ಲೇ ಇತ್ತು.

ಆಮೇಲೆ ಅದೇ ಹೆಡ್‌ಫೋನ್ ಹಾಕಿಕೊಂಡು ಅದೇ ಜಾಗದಲ್ಲಿ ಎಷ್ಟೋ ಸಲ ಕೂತೆ. ಹಾಡು ಹಚ್ಚಿ ಕೂತೆ, ನಿಲ್ಲಿಸಿ ಕೂತೆ. ಬೇರೆಯವರ ಫೋನೇನಾದರೂ ಅದಕ್ಕೆ ಸೇರಿಕೊಂಡಿತ್ತೇ ಎಂದೂ ಹುಡುಕಿದೆ. ಏನೂ ಸಿಗಲಿಲ್ಲ. ಗೆಳೆಯರಿಗೆ ಮೂರನೆಯದನ್ನೇ ಕೊಳ್ಳಿ ಎಂದೆ; ಒಳ್ಳೆಯ ಮಾಲು, ಸುಳ್ಳೇಕೆ ಹೇಳಲಿ. ಒಂದು ಕಿವಿ ತೆರೆದಿಡಿ ಎಂದೂ ಹೇಳುತ್ತೇನೆ. ಆದರೆ ಅಂದು ತೆರೆದ ಕಿವಿಗೆ ಏನೂ ಕೇಳಿರಲಿಲ್ಲ. ಮುಚ್ಚಿದ ಕಿವಿಗೇ ಕೇಳಿದ್ದು.