‘ಬಿದ್ದದ್ದಲ್ಲ’ ಎಂದ ಹೊಲಿಗೆ ಮೇಡಂ

ಹೊಲಿಗೆ ಮೇಡಂ ಎಂದರೆ ನನಗೆ ಮೊದಲು ನೆನಪಾಗುವುದು ಅವರ ಬಲಗೈ ಹೆಬ್ಬೆರಳು. ಕತ್ತರಿ ಹಿಡಿದು ಹಿಡಿದು ಅದರ ಬುಡದಲ್ಲಿ ಹುರುಳಿಕಾಳಿನಷ್ಟು ಚರ್ಮ ಜಡ್ಡುಗಟ್ಟಿತ್ತು. ಯೋಚನೆಗೆ ಬಿದ್ದರೆ ಅದನ್ನೇ ಉಜ್ಜುತ್ತಾ ಕೂರುತ್ತಿದ್ದರು.

ರಾಮನಾಥಪುರಕ್ಕೂ ಕೊಣನೂರಿಗೂ ನಡುವೆ ನಮ್ಮೂರು. ಅಲ್ಲಿನ ಹೈಸ್ಕೂಲಿನಲ್ಲಿ ಹೊಲಿಗೆಗೆ ಅಂತ ಕೋಣೆ ಇರಲಿಲ್ಲ. ಮಹಡಿ ಮೆಟ್ಟಿಲಿನ ಕೆಳಗೆ ಎರಡು ಮಿಷನ್ನು, ಒಂದು ಬೆಂಚು. ಅದೇ ಅವರ ಕ್ಲಾಸು. ಪರೀಕ್ಷೆ ಹತ್ತಿರ ಬಂದರೆ ಅವರ ಪೀರಿಯಡ್ಡನ್ನು ಬೇರೆ ಮೇಷ್ಟ್ರುಗಳು ಕೇಳಿಕೊಳ್ಳುತ್ತಿದ್ದರು. ‘ತಗೊಳ್ಳಿ ಸಾರ್’ ಎಂದು ಕೊಟ್ಟುಬಿಡುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಅವರ ಮಾತಿಗೆ ಅಂಥ ಬೆಲೆಯೇನೂ ಇರಲಿಲ್ಲ. ನಮ್ಮ ಮುಂದೆ ಮಾತ್ರ ಜೋರು. ‘ಸರಿಯಾಗಿ ಅಳೆದ್ರೆ ಆಮೇಲೆ ಅಳೋದು ತಪ್ಪುತ್ತೆ ಕಣ್ರೇ’ ಎಂದು ತಾವೇ ನಗುತ್ತಿದ್ದರು. ಅಳತೆ ತಪ್ಪಿದವರಿಗೆ ಮರದ ಸ್ಕೇಲಿನಿಂದ ಬೆರಳ ಗೆಣ್ಣಿನ ಮೇಲೆ ಒಂದು ಬಿಗಿಯುತ್ತಿದ್ದರು. ಅದು ನಮಗೆ ಏಟು ಅಂತಲೇ ಅನ್ನಿಸುತ್ತಿರಲಿಲ್ಲ.

ಏಟು ಅಂದರೆ ಗಣಿತದ ಮೇಷ್ಟ್ರದು. ಅವರ ಕೈಯಲ್ಲಿ ನೀರಿನ ಪೈಪಿನ ತುಂಡೊಂದು ಇರುತ್ತಿತ್ತು. ಕೆಟ್ಟ ಮೇಷ್ಟ್ರು ಅಂತ ಹೇಳುವ ಹಾಗೂ ಇರಲಿಲ್ಲ. ಸಂಜೆ ಕತ್ತಲಾಗುವವರೆಗೂ ನಿಂತು ಲೆಕ್ಕ ಹೇಳಿಕೊಡುತ್ತಿದ್ದರು. ಅವರ ಕಾಲದಲ್ಲಿ ಶಾಲೆಯ ರಿಸಲ್ಟು ಏರಿತ್ತು. ಊರು ಅವರನ್ನು ತಲೆಮೇಲೆ ಹೊತ್ತು ಮೆರೆಸುತ್ತಿತ್ತು. ಹೊಗೆಸೊಪ್ಪು ಬೆಳೆಯುತ್ತಿದ್ದ ನಮ್ಮಪ್ಪ ನನ್ನನ್ನು ಸೇರಿಸಿದ ದಿನ ಅವರ ಮುಂದೆ ಕೈಕಟ್ಟಿ ನಿಂತು, ‘ಓದ್ನಿಲ್ಲ ಅಂದ್ರೆ ಚೆನ್ನಾಗ್ ನಾಕ್ ಬುಡಿ ಸಾ, ನಾವೇನೂ ಕೇಳಾಕಿಲ್ಲ’ ಎಂದಿದ್ದ. ನಮ್ಮೂರಿನ ಅಪ್ಪಂದಿರೆಲ್ಲ ಆಡುತ್ತಿದ್ದ ಮಾತೇ ಅದು.

ಒಂಬತ್ತನೇ ಕ್ಲಾಸಿನಲ್ಲಿ ಒಂದು ಮಧ್ಯಾಹ್ನ ಬೋರ್ಡಿನ ಮುಂದೆ ನಿಂತವಳಿಗೆ ಸಮೀಕರಣ ಬರಲಿಲ್ಲ. ಮೊದಲ ಏಟು ಬೆನ್ನಿಗೆ ಬಿತ್ತು. ನಾನು ಅಳುತ್ತಾ ಏನೋ ಅಂದೆ. ಎದುರು ಮಾತಾಡಿದೆ ಅಂದುಕೊಂಡರೋ ಏನೋ, ಆಮೇಲೆ ಅವರು ಲೆಕ್ಕ ಕೇಳುವುದನ್ನೇ ಬಿಟ್ಟರು, ಬರೀ ಹೊಡೆದರು. ತಲೆಗೆ ಅಡ್ಡ ಹಿಡಿದ ನನ್ನ ಎಡಗೈಯಿಂದ ಲಟಕ್ಕನೆ ಸದ್ದು ಬಂದದ್ದು ನನಗೇ ಕೇಳಿಸಿತು. ಅಷ್ಟರಲ್ಲಿ ಯಾರೋ ನನ್ನನ್ನು ಹಿಂದಕ್ಕೆ ಎಳೆದುಕೊಂಡರು. ಎದುರಿನ ಮೆಟ್ಟಿಲ ಬುಡದಿಂದ ಓಡಿಬಂದಿದ್ದ ಹೊಲಿಗೆ ಮೇಡಂ. ನನಗೆ ಬೀಳಬೇಕಿದ್ದ ಇನ್ನೊಂದು ಏಟು ಅವರ ಹೆಗಲಿಗೆ ಬಿತ್ತು.

‘ಸಾಕು ಸಾರ್! ಮಗು ಅದು!’ ಎಂದು ಕಿರುಚಿದರು. ಅವರು ಕಿರುಚಿದ್ದನ್ನು ನಾವು ಅದಕ್ಕೆ ಮೊದಲು ಕೇಳಿರಲಿಲ್ಲ.

ಹೆಡ್ ಮೇಷ್ಟ್ರು ಅಪ್ಪನನ್ನು ಕರೆಸಿದರು. ‘ಆಗಿದ್ದು ಆಯ್ತು. ಮೆಟ್ಟಿಲಿಂದ ಬಿದ್ಲು ಅಂತ ಹೇಳಿ. ಖರ್ಚು ನಾವು ನೋಡ್ಕೋತೀವಿ’ ಎಂದರು. ಅಪ್ಪ ತಲೆಯಾಡಿಸಿದ. ನನಗೂ ಬಿದ್ದೆ ಅನ್ನುವುದೇ ಸುಲಭ ಅನ್ನಿಸಿತು.

ಅರಕಲಗೂಡಿನ ಆಸ್ಪತ್ರೆಗೆ ಮೇಡಮ್ಮೂ ಜೊತೆಗೆ ಬಂದರು. ‘ಹೆಂಗಾಯ್ತು ಇದು?’ ಎಂದರು ಡಾಕ್ಟ್ರು.

‘ಮೆಟ್ಲಿಂದ ಬಿದ್ಬುಟ್ಲು ಸಾ’ ಎಂದ ಅಪ್ಪ.

ಡಾಕ್ಟ್ರು ನನ್ನ ಕಡೆ ನೋಡಿದರು. ನಾನು ಹೂಂ ಅಂದೆ.

ಬಾಗಿಲ ಹತ್ತಿರ ನಿಂತಿದ್ದ ಮೇಡಂ ಒಳಗೆ ಬಂದರು. ‘ಬಿದ್ದದ್ದಲ್ಲ ಡಾಕ್ಟ್ರೇ. ಹೊಡೆದದ್ದು. ಆ ಮೆಟ್ಟಿಲು ನನ್ನ ತಲೆ ಮೇಲೇ ಇರೋದು, ಅಲ್ಲಿಂದ ಯಾರೂ ಬೀಳಲಿಲ್ಲ. ನಾನು ಕಣ್ಣಾರೆ ಕಂಡಿದ್ದೀನಿ. ಹಂಗೇ ಬರ್ಕೊಳ್ಳಿ.’

ಹೊರಗೆ ಬಂದ ಮೇಲೆ ಅಪ್ಪ ಅವರ ಮೇಲೆ ರೇಗಿದ. ‘ಎಂಥ ಕೆಲ್ಸ ಮಾಡ್ಬುಟ್ರಿ ಮೇಡಮ್ಮಾರೆ! ನಾಳೀಕೆ ಈ ಮಗು ಅದೇ ಇಸ್ಕೂಲ್ಗೆ ಓಗ್ಬೇಕಲ್ವಾ?’

‘ಅದಕ್ಕೇ ಕಣಪ್ಪ ಹೇಳಿದ್ದು. ಅದೇ ಸ್ಕೂಲಿಗೆ ಹೋಗ್ಬೇಕಲ್ಲ ಅಂತಲೇ’ ಎಂದರು ಮೇಡಂ.

ಪೊಲೀಸರು ಬಂದರು, ಕೇಸಾಯಿತು, ಮೇಷ್ಟ್ರು ಸಸ್ಪೆಂಡಾದರು. ಊರಿನ ಸಿಟ್ಟೆಲ್ಲ ಮೇಡಂ ಮೇಲೆ ತಿರುಗಿತು. ವಾಟ್ಸಾಪ್ ಗ್ರೂಪಿನಲ್ಲಿ ಅವರಿಗೆ ‘ಸಾಕ್ಷಿ ಮೇಡಂ’ ಎಂದು ಹೆಸರಿಟ್ಟರು. ರವಿಕೆ ಹೊಲಿಯಲು ಕೊಟ್ಟಿದ್ದ ಹೆಂಗಸರು ಬಟ್ಟೆ ವಾಪಸು ಇಸಿದುಕೊಂಡು ಹೋದರು. ಸ್ಟಾಫ್ ರೂಮಿನಲ್ಲಿ ಅವರ ಪಕ್ಕ ಯಾರೂ ಊಟಕ್ಕೆ ಕೂರಲಿಲ್ಲ. ಡಬ್ಬಿ ತಂದು ಮೆಟ್ಟಿಲ ಕೆಳಗೆ ಒಬ್ಬರೇ ಉಣ್ಣುತ್ತಿದ್ದರು. ‘ಇನ್ಮೇಲೆ ನಮ್ ಐಕ್ಳಿಗೆ ಗಣಿತ ನೀವ್ ಹೇಳ್ಕೊಡ್ತೀರಾ?’ ಎಂದು ಯಾರೋ ದಾರಿಯಲ್ಲೇ ಕೇಳಿದರಂತೆ. ಆ ವರ್ಷ ಬಹಳ ಮಕ್ಕಳು ಗಣಿತದಲ್ಲಿ ಫೇಲಾದರು. ಅದು ತಮ್ಮಿಂದಲೇ ಎಂಬ ಹಾಗೆ ಮೇಡಂ ಕೊರಗುತ್ತಿದ್ದರು.

ಆದರೂ ಭಾನುವಾರ ಬಂತೆಂದರೆ ಪಟ್ಟಿ ಕಟ್ಟಿದ ನನ್ನ ಕೈ ನೋಡಲು ಮನೆಗೆ ಬರುತ್ತಿದ್ದರು. ಅಪ್ಪ ಮಾತಾಡಿಸುತ್ತಿರಲಿಲ್ಲ. ಅವ್ವ ಕೊಟ್ಟ ಟೀ ಕುಡಿದು, ನನ್ನ ತಲೆ ಬಾಚಿ ಜಡೆ ಹಾಕಿ ಹೋಗುತ್ತಿದ್ದರು. ‘ನನ್ನಿಂದ ಇಷ್ಟೆಲ್ಲ ಆಯ್ತು ಮಿಸ್’ ಎಂದು ಒಮ್ಮೆ ಅತ್ತೆ. ‘ನಿನ್ನಿಂದ ಏನಾಯ್ತೇ? ಲೆಕ್ಕ ಬರ್ಲಿಲ್ಲ, ಅಷ್ಟೇ ತಾನೆ? ಲೆಕ್ಕ ನನಗೂ ಬರಲ್ಲ’ ಎಂದರು.

ಕೇಸು ವಿಚಾರಣೆಗೆ ಬರುವ ಹೊತ್ತಿಗೆ ನಾನು ಹೊಳೆನರಸೀಪುರದಲ್ಲಿ ಪಿಯುಸಿ ಓದುತ್ತಿದ್ದೆ. ಕೋರ್ಟಿನಲ್ಲಿ ಮೇಷ್ಟ್ರ ವಕೀಲರು ಮೇಡಮ್ಮನ್ನು ಕೇಳಿದರು: ‘ನೀವೂ ಮಕ್ಕಳಿಗೆ ಸ್ಕೇಲಿನಲ್ಲಿ ಹೊಡೀತಿದ್ರಿ, ಹೌದೋ ಅಲ್ವೋ?’

‘ಹೊಡೀತಿದ್ದೆ.’

‘ನೀವು ಹೊಡೆದರೆ ಶಿಸ್ತು, ಅವರು ಹೊಡೆದರೆ ಅಪರಾಧವೋ?’

ಮೇಡಂ ಹೆಬ್ಬೆರಳು ಉಜ್ಜುತ್ತಾ ನಿಂತರು. ಎಲ್ಲ ಕೆಟ್ಟಿತು ಅಂದುಕೊಂಡೆ. ಆಮೇಲೆ ನಿಧಾನಕ್ಕೆ ಹೇಳಿದರು: ‘ನಂದೂ ತಪ್ಪೇ ಸ್ವಾಮಿ. ನಾನು ಹೊಡೆದಾಗ ಯಾರಾದ್ರೂ ಬಂದು ಕೈ ಹಿಡೀಬೇಕಿತ್ತು. ಯಾರೂ ಹಿಡೀಲಿಲ್ಲ. ಈ ಮಗುವಿನ ಮೂಳೆ ಮುರಿದ ದಿನ ಸ್ಕೇಲು ಕೆಳಗಿಟ್ಟೋಳು ಮತ್ತೆ ಮುಟ್ಟಿಲ್ಲ. ನನ್ನ ಮೇಲೂ ಕೇಸು ಹಾಕೋದಾದ್ರೆ ಹಾಕಿ. ಅದಕ್ಕೆ ಹೆದರಿ ಕಂಡಿದ್ದನ್ನ ಕಾಣಲಿಲ್ಲ ಅನ್ನಲಾರೆ.’

ವಕೀಲರು ಕಾಗದ ಮಡಚಿಕೊಂಡು ಕೂತರು. ಮೇಷ್ಟ್ರು ನೆಲ ನೋಡುತ್ತಾ ನಿಂತಿದ್ದರು. ಅವರಿಗೆ ಶಿಕ್ಷೆಯಾಯಿತು. ತೀರ್ಪಿನ ದಿನ ಮೇಡಂ ಮುಖದಲ್ಲಿ ಗೆದ್ದ ಕಳೆ ಇರಲಿಲ್ಲ. ‘ಆತನಿಗೂ ಹೆಂಡ್ತಿ ಮಕ್ಕಳಿದಾರೆ ಕಣೇ’ ಎಂದರು ವಾಪಸು ಬರುವಾಗ ಬಸ್ಸಿನಲ್ಲಿ.

ನನ್ನ ಎಡಗೈ ಈಗಲೂ ಪೂರ್ತಿ ನೇರವಾಗುವುದಿಲ್ಲ. ಆದರೆ ಶಾಲೆಯ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಆ ಪೈಪಿನ ತುಂಡಲ್ಲ. ಅಪ್ಪ, ಹೆಡ್ ಮೇಷ್ಟ್ರು, ಕೊನೆಗೆ ನಾನೂ ಸುಳ್ಳಿಗೆ ಒಪ್ಪಿಕೊಂಡಿದ್ದಾಗ ನನ್ನ ನೋವನ್ನು ನಿಜವೆಂದು ಹೇಳಲು ಒಬ್ಬರಿದ್ದರು. ಅವರಿಲ್ಲದಿದ್ದರೆ ನಾನು ಮೆಟ್ಟಿಲಿಂದ ಬಿದ್ದವಳಾಗಿಯೇ ಬೆಳೆಯುತ್ತಿದ್ದೆ.

ನಿವೃತ್ತಿಯ ನಂತರ ಮೇಡಂ ತವರೂರು ಚನ್ನರಾಯಪಟ್ಟಣಕ್ಕೆ ಹೋಗಿದ್ದರು. ಹೋದ ವರ್ಷ ತೀರಿಕೊಂಡರು. ಸುದ್ದಿ ತಿಳಿದಾಗ ಅಪ್ಪ ನನಗಿಂತ ಮೊದಲು ಬಟ್ಟೆ ಹಾಕಿಕೊಂಡು ನಿಂತಿದ್ದ. ಅಲ್ಲಿ ಯಾರೂ ಕರೆಯದೆಯೇ ಮುಂದೆ ಹೋಗಿ ಚಟ್ಟಕ್ಕೆ ಹೆಗಲು ಕೊಟ್ಟ. ಗುರುತಿಲ್ಲದ ಈ ಮುದುಕನನ್ನು ಕಂಡು ಅವರ ಅಣ್ಣನ ಮಗ ಕೇಳಿದ: ‘ನಮ್ಮತ್ತೆ ನಿಮಗೇನಾಗ್ಬೇಕು ಯಜಮಾನ್ರೆ?’

‘ಏನೂ ಆಗ್ಬೇಕಿಲ್ಲ ಕಣಪ್ಪ’ ಎಂದ ಅಪ್ಪ. ‘ನಾನ್ ಆಡ್ಬೇಕಾಗಿದ್ ಮಾತ ಆವಮ್ಮ ಆಡಿದ್ರು.’