ಏಳು ಪಿನ್ನು ಮತ್ತು ಟೀಚರಕ್ಕನ ಬಟ್ಟೆ

ಹಾಂ, ಎಲ್ಲಿಗೆ ನಿಲ್ಲಿಸಿದ್ದೆ? ಗಡಿಯಾರದಣ್ಣನ ಬೆರಳಿನ ವಿಷಯ. ಅವರು ಗಡಿಯಾರ ರಿಪೇರಿ ಬಿಟ್ಟು ಕಂಪ್ಯೂಟರಿಗೆ ಕೈಹಚ್ಚಿ ಇಪ್ಪತ್ತು ವರ್ಷವಾಯಿತು, ಹೆಸರು ಮಾತ್ರ ಅದೇ ಅಂಟಿಕೊಂಡಿದೆ. ಅಂಗಡಿ ಎಂದರೆ ಮೆಟ್ಟಿಲ ಕೆಳಗಿನ ಒಂದು ಕೋಣೆ. ಒಳಗೆ ಅಣ್ಣ, ಬಾಗಿಲ ಬಳಿ ಅವರ ಒಡಹುಟ್ಟಿದ ಅಕ್ಕ. ರಿಟೈರಾದ ಟೀಚರ್, ಓಣಿಗೆಲ್ಲ ಟೀಚರಕ್ಕ. ಅಣ್ಣ ಬಿಚ್ಚುತ್ತಾರೆ, ಅಕ್ಕ ಒರೆಸುತ್ತಾರೆ. ಧೂಳು ಕಂಡರೆ ಆಕೆಯ ಕೈ ಸುಮ್ಮನಿರುವುದಿಲ್ಲ.

ಮೊನ್ನೆ ಪ್ರೆಸ್ಸಿನವರ ಕಂಪ್ಯೂಟರ್ ಬಂದಿತ್ತು. ಅವರ ಪೇಪರ್ ಕತ್ತರಿಸುವ ಹಳೇ ಮಷೀನು ಅದೊಂದರ ಮಾತನ್ನು ಮಾತ್ರ ಕೇಳುತ್ತದೆ. ಆ ಕಂಪ್ಯೂಟರಿನ ಮದರ್‌ಬೋರ್ಡ್ ಈಗ ಎಲ್ಲೂ ಸಿಗುವುದಿಲ್ಲ. ಅದು ಹೋದರೆ ಮಷೀನು ಗುಜರಿಗೆ, ಪ್ರೆಸ್ಸಿಗೆ ಬೀಗ. ಬಂದ ಕಾಯಿಲೆ ಸಣ್ಣದು, ಬಿಸಿಯಾಗಿ ನಿಂತುಹೋಗುತ್ತಿತ್ತು. ಅಣ್ಣ ಪ್ರೊಸೆಸರ್ ಎತ್ತಿ, ಬಿಸಿ ಎಳೆದುಕೊಳ್ಳಲೆಂದು ಅದರ ಮೇಲೆ ಹಚ್ಚಿ ಈಗ ಒಣಗಿದ್ದ ಪೇಸ್ಟ್ ಕೆರೆದು, ಕೈ ತೊಳೆಯಲು ಹಿಂದಕ್ಕೆ ಹೋದರು. ಪ್ರೊಸೆಸರ್ ಕೂರುವ ಸಾಕೆಟ್ಟಿನಲ್ಲಿ ಕೂದಲಿನಂಥ ಸಾವಿರ ಪಿನ್ನುಗಳಿರುತ್ತವೆ. ಬಿಚ್ಚಿದ ತಕ್ಷಣ ಕಪ್ಪು ಮುಚ್ಚಳ ಹಾಕಬೇಕು. ಅವತ್ತು ಹಾಕಿರಲಿಲ್ಲ. ಅಕ್ಕನ ಬಟ್ಟೆ ಅದರ ಮೇಲೆ ಹಾಯಿತು, ಎಳೆಗೆ ಸಿಕ್ಕಿ ಕೆಲವು ಪಿನ್ನು ಬಾಗಿದವು.

"ಏನೋ ಚುಕ್ ಅಂತು," ಎಂದರು ಅಕ್ಕ.

ಅಣ್ಣ ಬಂದು ನೋಡಿ ಸ್ಟೂಲಿನ ಮೇಲೆ ಕುಸಿದರು. "ಬಿಡು. ಸಾಕಾಗಿದೆ ನಂಗೂ."

"ಬೈಯೋ. ಬೈದ್ರೆ ನಂಗೆ ಸಮಾಧಾನ."

"ನಿನ್ನ ಬೈದು ಏನು ಬಂತು? ಮುಚ್ಚಳ ಹಾಕಿದೀನಿ ಅನ್ಕೊಂಡೇ ಎದ್ದೆ. ನೋಡು, ಪಕ್ಕದಲ್ಲೇ ಬಿದ್ದಿದೆ. ಕಾಣ್ಲಿಲ್ಲ ಅಕ್ಕ. ಆರು ತಿಂಗಳಿಂದ ಎರಡು ಕಣ್ಣಿಗೂ ಮಂಜು ಕವಿದ ಹಾಗಿದೆ."

"ಆರು ತಿಂಗಳು! ಮತ್ತೆ ಇಷ್ಟು ದಿನ ಹೇಗೆ ಮಾಡ್ದೆ?"

"ಬೆರಳಿಗೆ ಗೊತ್ತಿದ್ದಷ್ಟು ಮಾಡ್ದೆ."

ಅಕ್ಕ ಹೋದ ವರ್ಷವಷ್ಟೇ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಅಣ್ಣ ತಮ್ಮ ಹಳೇ ಭೂತಗನ್ನಡಿಯನ್ನೂ ಒಂದು ಹೊಲಿಗೆ ಸೂಜಿಯನ್ನೂ ಆಕೆಯ ಕೈಗೆ ತುರುಕಿದರು.

"ಪಿನ್ನೆಲ್ಲಾ ಇರಬೇಕಾದ ಹಾಗೆ ಒಂದೇ ಕಡೆ ವಾಲಿವೆಯಾ?"

"ಪ್ರಾರ್ಥನೆಗೆ ನಿಂತ ಮಕ್ಕಳ ಥರ ಇದಾವೆ. ಏಳು ಮಾತ್ರ ಸಾಲು ಬಿಟ್ಟು ಕಿತಾಪತಿ ಮಾಡ್ತಿದಾವೆ."

"ಕಿವಿ ಹಿಂಡಬೇಡ ಮತ್ತೆ. ಸೂಜಿ ಮೆಲ್ಲಗೆ ತಾಕಿಸು. ಎರಡನೇ ಸಲ ಬಗ್ಗಿಸಿದ್ರೆ ಮುರಿಯುತ್ತೆ. ಉಸಿರು ಬಿಡೋವಾಗ ಮಾತ್ರ ಕೈ ಆಡಿಸು."

"ಉಸಿರಾಡೋಕೂ ನಿನ್ನ ಪರ್ಮಿಶನ್ ಬೇಕಾ?"

ಎರಡು ಗಂಟೆ ಹಿಡಿಯಿತು. ಅಕ್ಕನ ಕುತ್ತಿಗೆ ಮರಗಟ್ಟಿತ್ತು. ಅಣ್ಣ ಏನೂ ಮಾಡದೆಯೇ ಆಕೆಗಿಂತ ಹೆಚ್ಚು ದಣಿದಿದ್ದರು. ಅಷ್ಟರಲ್ಲಿ ಪ್ರೆಸ್ಸಿನವರು ಬಂದರು. ಸ್ವಿಚ್ ಹಾಕುವ ಮೊದಲೇ ಅಕ್ಕ ಹೇಳಿಬಿಟ್ಟರು: "ಇದು ನನ್ನ ಕೈಯಿಂದ ಆಗಿದ್ದು. ಸರಿಹೋಗದೇ ಇರಬಹುದು."

"ನನ್ನ ಕಣ್ಣಿಂದ ಆಗಿದ್ದು," ಎಂದರು ಅಣ್ಣ.

ಪ್ರೆಸ್ಸಿನವರು ಮೆಟ್ಟಿಲ ಮೇಲೆ ಕೂತುಬಿಟ್ಟರು.

ಸ್ವಿಚ್ ಹಾಕಿದರೆ ಫ್ಯಾನ್ ತಿರುಗಿತು, ಪರದೆ ಕಪ್ಪು. ಮತ್ತೆ ಬಿಚ್ಚಿದರು. ಏಳನೆಯ ಪಿನ್ನು ಇನ್ನೂ ಕೂದಲೆಳೆಯಷ್ಟು ತಗ್ಗಿತ್ತು. ಅಕ್ಕ ಉಸಿರು ಬಿಟ್ಟು ಸೂಜಿ ತಾಕಿಸಿದರು. ಈ ಸಲ ಪರದೆ ಬೆಳಗಿತು. ಯಾರೂ ಕುಣಿಯಲಿಲ್ಲ. ಅಣ್ಣ ಗೋಡೆಗೆ ಒರಗಿ ಕಣ್ಣು ಮುಚ್ಚಿಕೊಂಡರು.

"ಇನ್ಮೇಲೆ ನಾನು ಯಾರ ಹತ್ರ ಹೋಗ್ಲಿ?" ಪ್ರೆಸ್ಸಿನವರು ಮೆಲ್ಲಗೆ ಕೇಳಿದರು.

"ಇಲ್ಲಿಗೇ ಬನ್ನಿ. ಅವನು ಹೇಳ್ತಾನೆ, ನಾನು ಮಾಡ್ತೀನಿ. ಅವನ ಕಣ್ಣು ರಿಪೇರಿ ಆಗೋವರೆಗೆ."

ಆಸ್ಪತ್ರೆಗೆ ಚೀಟಿ ಬರೆಸಿದ್ದಾಯಿತು, ಸರದಿ ಬರಬೇಕಷ್ಟೆ. ಒರೆಸುವ ಬಟ್ಟೆ ಈಗ ಬಾಗಿಲ ಮೊಳೆಗೆ ನೇತಾಡುತ್ತಿದೆ, ಒಳಗೆ ಬರುವಂತಿಲ್ಲ. ಸಾಕೆಟ್ಟಿನ ಪಿನ್ನು ಬಾಗಿತೆಂದು ಬೋರ್ಡು ಬಿಸಾಡುವ ಮೊದಲು ನೀವೂ ಒಮ್ಮೆ ಹೋಗಿ ಅವರಿಬ್ಬರನ್ನು ನೋಡಿ ಬನ್ನಿ. ಚಪ್ಪಲಿಯ ಧೂಳು ಮಾತ್ರ ಹೊರಗೇ ಕೊಡವಿಕೊಳ್ಳಿ, ಪಾಪ, ಅಕ್ಕನ ಕೈ ಕಡಿಯುತ್ತಿರುತ್ತದೆ.